ಟಾಪ್ ಮಾಡೆಲ್ ತಗೊಳ್ಳಿ, ದಿದಿ!

ಕಳೆದ ವರ್ಷ, ಅಂದರೆ 2025ರ ಸೆಪ್ಟೆಂಬರ್ 22ರಂದು ಕಾರುಗಳ ಮೇಲಿನ ಜಿಎಸ್‌ಟಿ ಇಳಿಯಿತು. 23ರ ಬೆಳಗಿನ ಜಾವ ನಮ್ಮ ಕಾರು ಮುಳುಗಿತು.

ಕೋಲ್ಕತ್ತಾದಲ್ಲಿರುವವರಿಗೆ ಆ ರಾತ್ರಿ ಮರೆತಿರಲಿಕ್ಕಿಲ್ಲ. ದುರ್ಗಾಪೂಜೆ ಹೊಸ್ತಿಲಲ್ಲಿತ್ತು. ಸುಮಾರು 250 ಮಿ.ಮೀ. ಮಳೆ ಸುರಿದು, ಬೆಳಗಾಗುವಷ್ಟರಲ್ಲಿ ಪೆಂಡಾಲಿನ ಬಿದಿರುಗಳೆಲ್ಲ ನೀರಿನಲ್ಲಿ ನಿಂತಿದ್ದವು. ವಿದ್ಯುತ್ ತಗುಲಿ ಹಲವರು ಸತ್ತರು. ಅದರ ಮುಂದೆ ನಮ್ಮ ನಷ್ಟ ನಷ್ಟವೇ ಅಲ್ಲ. ಆದರೂ ಬೇಸ್‌ಮೆಂಟಿನಲ್ಲಿದ್ದ ನಮ್ಮ ಒಂಬತ್ತು ವರ್ಷದ ಸೆಡಾನಿನ ಸೀಟಿನ ತನಕ ನೀರು ಬಂದಿತ್ತು. ನೀರು ಇಳಿದ ಮೇಲೆ ನಾನು ಮಾಡಬಾರದ್ದನ್ನೇ ಮಾಡಿದೆ. 'ನೋಡೋಣ' ಅಂತ ಸ್ಟಾರ್ಟ್ ಮಾಡಿದೆ. ಸಿಲಿಂಡರಿಗೆ ನುಗ್ಗಿದ ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು, ಅದರ ರಾಡ್‌ಗಳೇ ಬಾಗುತ್ತವೆ. ಎಂಜಿನ್ ಅಲ್ಲಿಗೆ ಮುಗಿಯಿತು. ವಿಮೆಯವರು ಮ್ಯಾಟು, ವೈರಿಂಗಿಗೆ ಹಣ ಕೊಟ್ಟರು. ಎಂಜಿನ್ ಪ್ರೊಟೆಕ್ಷನ್ ಕವರ್ ಇಲ್ಲದ್ದರಿಂದ ಎಂಜಿನ್ನಿಗೆ ಬಿಡಿಗಾಸೂ ಬರಲಿಲ್ಲ.

ಹೀಗೆ ಹೊಸ ಕಾರಿನ ಮಾತು ಶುರುವಾಯಿತು. ನಮ್ಮ ಜತೆ ಅಪ್ಪ ಇದ್ದಾರೆ. ಎಪ್ಪತ್ತಾರು ವರ್ಷ, ಸೊಂಟದ ಕೀಲು ಬದಲಿಸಿದ್ದಾರೆ. ಸೆಡಾನಿನಲ್ಲಿ ಅವರು ಕೂರುವುದಲ್ಲ, ಬೀಳುವುದು. ದೊಡ್ಡ ಎಸ್‌ಯುವಿಗೆ ಹತ್ತಬೇಕು, ಅದೂ ಆಗದು. ಕ್ರಾಸ್‌ಓವರ್ ಇವೆರಡರ ನಡುವಿನದು. ಕಾರಿನ ಹಾಗೆ ಒಂದೇ ಗೂಡಿನ ಬಾಡಿ, ಆದರೆ ಸೀಟು ಸ್ವಲ್ಪ ಎತ್ತರ. ಸುಮ್ಮನೆ ಪಕ್ಕಕ್ಕೆ ಸರಿದು ಕೂರಬಹುದು. ಗಂಡ ಹೆಂಡಿರಿಬ್ಬರೂ ಹದಿನಾಲ್ಕು ವರ್ಷ ಈ ಊರಿನಲ್ಲಿ ದುಡಿದಿದ್ದೇವೆ, ಒಂದು ಸಲ ಒಳ್ಳೆಯ ಕಾರು ತಗೊಳ್ಳೋಣ ಅಂತ 50 ಲಕ್ಷದ ಆಸುಪಾಸಿನಲ್ಲಿ ಹುಡುಕಲು ಹೊರಟೆವು. ಯಾವ ಕಂಪನಿ ಅನ್ನುವುದು ಎರಡು ವಾರದಲ್ಲಿ ತೀರ್ಮಾನವಾಯಿತು. ಯಾವ ವೇರಿಯಂಟ್ ಅನ್ನುವುದಕ್ಕೆ ಎರಡು ತಿಂಗಳು ಹಿಡಿಯಿತು. ಈ ಲೇಖನ ಆ ಎರಡು ತಿಂಗಳಿನದು.

ಅಂಬಾಸಿಡರ್ ಕಾಲದಲ್ಲಿ ಈ ಕಷ್ಟ ಇರಲಿಲ್ಲ

ಅಪ್ಪ ಹಾಸನದಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಆಗಿದ್ದವರು. ಅವರಿಗೆ ಕಾರು ಅಂದರೆ ಇಲಾಖೆಯ ಅಂಬಾಸಿಡರ್. ಅದು ತಯಾರಾಗುತ್ತಿದ್ದುದು ಇಲ್ಲೇ, ಹೂಗ್ಲಿ ನದಿಯ ಆಚೆ ದಡದ ಉತ್ತರಪಾರಾದಲ್ಲಿ. 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ. ಪಕ್ಕದ ರೈಲು ನಿಲ್ದಾಣಕ್ಕೆ ಇವತ್ತಿಗೂ ಹಿಂದ್‌ಮೋಟರ್ ಅಂತಲೇ ಹೆಸರು. ಮಾರ್ಕ್ 2 ಬಂದದ್ದು 1962ರಲ್ಲಿ, ಮಾರ್ಕ್ 3 ಬಂದದ್ದು 1975ರಲ್ಲಿ. ಆ ಹದಿಮೂರು ವರ್ಷದಲ್ಲಿ ಎದ್ದು ಕಾಣುವಂತೆ ಬದಲಾದದ್ದು ಮುಖ್ಯವಾಗಿ ಮುಂದಿನ ಜಾಲರಿ, ಅಷ್ಟೆ. "ಆಗ ಕಾರು ಸಿಗುತ್ತಾ ಇಲ್ವಾ ಅನ್ನೋದೊಂದೇ ಪ್ರಶ್ನೆ ಕಣೇ ಪುಟ್ಟಿ" ಅನ್ನುತ್ತಾರೆ ಅಪ್ಪ.

ಈಗ ಪ್ರಶ್ನೆಗಳು ಬೇರೆ. 2022ರ ಆಗಸ್ಟಿನಲ್ಲಿ ಬಂದ ಆಡಿ ಕ್ಯೂ3 ತಗೊಳ್ಳಿ. ಪ್ರೀಮಿಯಂ ಪ್ಲಸ್, ಟೆಕ್ನಾಲಜಿ ಅಂತ ಎರಡು ವೇರಿಯಂಟ್. ಬಿಡುಗಡೆಯ ದಿನ ಎಕ್ಸ್-ಶೋರೂಂ ಬೆಲೆ 44.89 ಲಕ್ಷ ಮತ್ತು 50.39 ಲಕ್ಷ. ಎರಡರಲ್ಲೂ ಅದೇ 190 ಪಿಎಸ್‌ನ 2 ಲೀಟರ್ ಪೆಟ್ರೋಲ್ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಕ್ವಾಟ್ರೋ, ಅದೇ ಆರು ಏರ್‌ಬ್ಯಾಗ್. ಸನ್‌ರೂಫೂ ಎರಡರಲ್ಲೂ ಇತ್ತು. ಹೆಚ್ಚಿನ ಐದೂವರೆ ಲಕ್ಷಕ್ಕೆ ಸಿಗುತ್ತಿದ್ದುದು ಮುಖ್ಯವಾಗಿ ಇನ್ನೂ ಚೆಂದದ ಡಿಜಿಟಲ್ ಮೀಟರ್, ನ್ಯಾವಿಗೇಷನ್, ಹತ್ತು ಸ್ಪೀಕರಿನ ಸೌಂಡ್, ವೈರ್‌ಲೆಸ್ ಚಾರ್ಜಿಂಗ್, ಮೂವತ್ತು ಬಣ್ಣದ ಒಳಗಿನ ಲೈಟು.

ಎಲ್ಲರೂ ಹೀಗೇ ಹಂಚುವುದಿಲ್ಲ. 2023ರ ಜನವರಿಯಲ್ಲಿ ಬಿಎಂಡಬ್ಲ್ಯು ಎಕ್ಸ್1 ಬಂದಾಗ ಎಕ್ಸ್‌ಲೈನ್ ಅಂದರೆ 136 ಪಿಎಸ್‌ನ ಪೆಟ್ರೋಲ್, ಎಂ ಸ್ಪೋರ್ಟ್ ಅಂದರೆ 150 ಪಿಎಸ್‌ನ ಡೀಸೆಲ್. ಅಲ್ಲಿ ವೇರಿಯಂಟ್ ಆರಿಸುವುದೆಂದರೆ ಎಂಜಿನ್ನನ್ನೇ ಆರಿಸಿದಂತೆ. ವೋಲ್ವೋದವರು ಎಕ್ಸ್‌ಸಿ60 ಅನ್ನು ನಮ್ಮಲ್ಲಿ ಎಲ್ಲ ತುಂಬಿಸಿದ ಒಂದೇ ವೇರಿಯಂಟಿನಲ್ಲಿ ಮಾರುತ್ತಾರೆ. ಅದನ್ನು ಜೋಡಿಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಅಂತ ಗೊತ್ತಾದಾಗ ಅಪ್ಪನಿಗೆ ಆಸೆಯಾಯಿತು. ನಮ್ಮ ಬಜೆಟ್ಟಿಗೆ ಆಗಲಿಲ್ಲ.

ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ 'ಟಾಪ್‌ನಲ್ಲಿ ಏನೇನಿದೆ?' ಅಂತಲ್ಲ. 'ಬೇಸ್‌ನಲ್ಲಿ ಏನಿಲ್ಲ? ಅದು ಕಾರಿನದಾ, ಅಲಂಕಾರದ್ದಾ?' ಅಂತ.

ಟೆಸ್ಟ್ ಡ್ರೈವಿಗೆ ಬರುವುದು ಟಾಪ್ ಮಾಡೆಲ್

ನಾವು ಹೋದ ಒಂದು ಶೋರೂಮಿನಲ್ಲಿ ಹುಡುಗ ಬಹಳ ವಿನಯದವನು. ಕೈಗೆ ಚಹಾ ಕೊಟ್ಟು, "ಟಾಪ್ ಮಾಡೆಲ್ ತಗೊಳ್ಳಿ ದಿದಿ, ಇಎಂಐ ವ್ಯತ್ಯಾಸ ಹತ್ತು ಸಾವಿರ ಅಷ್ಟೇ" ಅಂದ. ಬೇಸ್ ನೋಡಬೇಕು ಅಂದರೆ ಅದು ಇರಲಿಲ್ಲ. ಬೇಕಾದರೆ ನಾಲ್ಕು ತಿಂಗಳು ಕಾಯಬೇಕು, ಟಾಪ್ ಆದರೆ ನಾಳೆಯೇ ಕೊಡುತ್ತೇನೆ ಅಂದ. ಕೆಳಗಿನ ವೇರಿಯಂಟನ್ನು ಸ್ಟಾಕ್ ಇಡದಿದ್ದರೆ ಗಿರಾಕಿ ತಾನಾಗಿಯೇ ಮೇಲೆ ಹತ್ತುತ್ತಾನೆ ಅನ್ನುವುದು ವ್ಯಾಪಾರದ ಲೆಕ್ಕ. ಬೇರೆ ಶೋರೂಮಿನಲ್ಲಿ ಕೇಳಿದಾಗ ಅದೇ ಕಾರಿಗೆ ಐದು ವಾರ ಅಂದರು.

ಇದರಿಂದ ಕಲಿತದ್ದು ಎರಡು. ಒಂದು, ನೀವು ಕೊಳ್ಳುವ ವೇರಿಯಂಟಿನಲ್ಲೇ ಕೂತು ನೋಡಬೇಕು. ಟಾಪ್ ಓಡಿಸಿ ಬೇಸ್ ಕೊಂಡರೂ ತಪ್ಪಾಗುತ್ತದೆ, ಬೇಸ್‌ನಲ್ಲಿ ಏನೂ ಇಲ್ಲವೆಂದು ಹೆದರಿ ಟಾಪ್ ಕೊಂಡರೂ ತಪ್ಪಾಗುತ್ತದೆ. ಎರಡು, ಬ್ರೋಷರನ್ನು ಕೊನೆಯ ಪುಟದಿಂದ ಓದಬೇಕು. ಮುಂದಿನ ಪುಟಗಳಲ್ಲಿ ಇರುವುದು ಟಾಪ್ ಮಾಡೆಲ್ಲಿನ ಫೋಟೋ. ಸಣ್ಣ ಅಕ್ಷರದ ಕೋಷ್ಟಕ ಇರುವುದು ಹಿಂದೆ. ಆ ಪುಟಕ್ಕೆ ಶೋರೂಮಿನವರ ಸಹಿ ಹಾಕಿಸಿಕೊಳ್ಳಿ, ಕಾರು ತಯಾರಾದ ತಿಂಗಳನ್ನೂ ಬರೆಸಿಕೊಳ್ಳಿ. 'ಟಾಪ್‌ಗೆ ಭಾರಿ ಡಿಸ್ಕೌಂಟ್' ಅಂದಾಗ ಅದು ಕಳೆದ ವರ್ಷದ ಕಾರೂ ಆಗಿರಬಹುದು.

ಮೂರು ಕಾಲಂ

ಮನೆಗೆ ಬಂದು ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ದಿನವೂ ಬೇಕಾದದ್ದು, ಯಾವಾಗಲೋ ಬೇಕಾದದ್ದು, ತೋರಿಸಲಿಕ್ಕೆ ಇರುವುದು.

ಕೋಲ್ಕತ್ತಾದ ದಿನ ಯಾವುದು? ಏಪ್ರಿಲಿನಿಂದ ಅಕ್ಟೋಬರ್ ತನಕ ಬೆವರು. ಗಾಳಿಯಾಡುವ ಸೀಟು ಇಲ್ಲಿ ಶೋಕಿಯಲ್ಲ, ಆರಾಮ. ಅದು ಮೊದಲ ಕಾಲಮ್ಮಿಗೆ ಹೋಯಿತು. ಪನೋರಮಿಕ್ ಸನ್‌ರೂಫ್ ಇದೇ ಊರಿನಲ್ಲಿ ವರ್ಷಕ್ಕೆ ಎರಡು ತಿಂಗಳ ಮಾತು. ಪರದೆ ಮುಚ್ಚಿಯೇ ಇರುತ್ತದೆ. ಮೂರನೆಯದಕ್ಕೆ.

ಚಕ್ರದ ವಿಷಯ ನನಗೆ ಗೊತ್ತಿರಲಿಲ್ಲ. ಸ್ಪೋರ್ಟ್ ಹೆಸರಿನ ವೇರಿಯಂಟುಗಳಿಗೆ ಸಾಮಾನ್ಯವಾಗಿ ದೊಡ್ಡ ಚಕ್ರ ಕೊಡುತ್ತಾರೆ. 235/55 ಆರ್18 ಟೈರಿನ ಬದಿಯ ಗೋಡೆ ಸುಮಾರು 129 ಮಿ.ಮೀ. ಅದೇ ಕಾರಿಗೆ 235/50 ಆರ್19 ಹಾಕಿದರೆ ಸುಮಾರು 117 ಮಿ.ಮೀ. ಅಂದರೆ ಗುಂಡಿಗೂ ಅಪ್ಪನ ಸೊಂಟಕ್ಕೂ ನಡುವೆ ಇರುವ ರಬ್ಬರಿನಲ್ಲಿ 12 ಮಿ.ಮೀ. ಕಡಿಮೆ. ಟ್ರಾಮ್ ಹಳಿ ಹುದುಗಿರುವ ಬೀದಿಗಳಲ್ಲಿ ಅದು ಗೊತ್ತಾಗುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಸುಖ ಕೊಳ್ಳುವ ಜಾಗವೂ ಇದೆ ಅಂತ ಆಗ ತಿಳಿಯಿತು. ಈ ಟೈರಿನ ಅಂಚು ಗುಂಡಿಗೆ ಬಿದ್ದಾಗ ಉಬ್ಬುವ ಸಂಭವವೂ ಹೆಚ್ಚು.

ಸುರಕ್ಷತೆಗೆ ಬೇರೆ ನಿಯಮ ಮಾಡಿಕೊಂಡೆವು. ಕೊಂಡ ಮೇಲೆ ಹಾಕಿಸಲು ಸಾಧ್ಯವೇ ಇಲ್ಲದ್ದು ಮೇಲಿನ ವೇರಿಯಂಟಿನಲ್ಲಿ ಮಾತ್ರ ಇದ್ದರೆ ಮೇಲಿನದನ್ನೇ ಕೊಳ್ಳಬೇಕು. ಏರ್‌ಬ್ಯಾಗ್, ತಾನೇ ಬ್ರೇಕ್ ಹಾಕುವ ರೇಡಾರ್, ಹಿಂದಿನ ಬದಿಯ ಎಚ್ಚರಿಕೆ ಇವೆಲ್ಲ ಈ ಗುಂಪು. ಡ್ಯಾಶ್ ಕ್ಯಾಮೆರಾ, ವೈರ್‌ಲೆಸ್ ಚಾರ್ಜರ್, ಒಳ್ಳೆಯ ಮ್ಯಾಟು ಇವನ್ನು ಹೊರಗೆ ಕೊಳ್ಳಬಹುದು. ಬಣ್ಣದ ಲೈಟನ್ನು ಕೊಳ್ಳದೆಯೂ ಬದುಕಬಹುದು. ಆ ಲೈಟು ತೋರಿಸಿದಾಗ ಅಪ್ಪ ಹೇಳಿದ್ದು ಇಷ್ಟೇ: "ಇದನ್ನ ಹಾಕ್ಕೊಂಡು ನಾನೇನ್ಮಾಡ್ಲಿ? ಹತ್ತಿ ಇಳಿಯೋಕೆ ಆದ್ರೆ ಸಾಕು."

ಐದೂವರೆ ಲಕ್ಷ ಐದೂವರೆ ಲಕ್ಷವಲ್ಲ

ಶೋರೂಮಿನ ಹುಡುಗ ಹೇಳಿದ 'ಹತ್ತು ಸಾವಿರ' ನನಗೆ ನಿದ್ದೆ ಕೊಡಲಿಲ್ಲ. ನೀವು ಬೆಂಗಳೂರಿನಲ್ಲಿ ಕೊಳ್ಳುವವರು ಅಂತ ಇಟ್ಟುಕೊಂಡು ಲೆಕ್ಕ ಹಾಕೋಣ. ಬೇರೆ ಊರಿನವರು ತಮ್ಮ ದರ ಹಾಕಿಕೊಳ್ಳಿ.

ವೇರಿಯಂಟುಗಳ ನಡುವೆ ಎಕ್ಸ್-ಶೋರೂಂ ವ್ಯತ್ಯಾಸ 5.5 ಲಕ್ಷ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 18, ಆ ತೆರಿಗೆಯ ಮೇಲೆ ಶೇ. 11 ಸೆಸ್. ಒಟ್ಟು ಹತ್ತಿರಹತ್ತಿರ ಶೇ. 20. ವ್ಯತ್ಯಾಸ 6.6 ಲಕ್ಷವಾಯಿತು. ಅದನ್ನು ಶೇ. 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತೆಗೆದರೆ ತಿಂಗಳಿಗೆ ಸುಮಾರು 13,700 ರೂಪಾಯಿ, ಕಟ್ಟಿ ಮುಗಿಸುವಾಗ 8.2 ಲಕ್ಷ. ಪ್ರತಿ ವರ್ಷದ ವಿಮೆಯ ಹೆಚ್ಚಳ ಬೇರೆ. ಶೇ. 1ರ ಟಿಸಿಎಸ್ ಮಾತ್ರ ಆದಾಯ ತೆರಿಗೆಯಲ್ಲಿ ವಾಪಸು ಹೊಂದಿಸಿಕೊಳ್ಳಬಹುದು.

ಮಾರುವಾಗ? ವಿಮೆಯ ಐಡಿವಿ ಪಟ್ಟಿಯ ಪ್ರಕಾರ ಎರಡು ವರ್ಷ ದಾಟಿದ ಕಾರಿನ ಬೆಲೆಯಲ್ಲಿ ಶೇ. 30 ಕಳೆಯುತ್ತಾರೆ, ಮೂರು ದಾಟಿದರೆ 40, ನಾಲ್ಕು ದಾಟಿದರೆ 50. ಸ್ಪೀಕರು, ಲೈಟಿಗೆ ಕೊಟ್ಟ ಹಣವೂ ಇದೇ ದಾರಿಯಲ್ಲಿ ಹೋಗುತ್ತದೆ. ಹಳೆಯ ಕಾರು ಕೊಳ್ಳುವವನು ಮೊದಲು ನೋಡುವುದು ಓಡಿದ ಕಿಲೋಮೀಟರು, ಸರ್ವಿಸ್ ಪುಸ್ತಕ.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಲೆಕ್ಕವಿದೆ. ಊರಿಗೆ ವರ್ಗವಾದರೆ ಕಾರೂ ಬರಬೇಕು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಕಾರು ಹಳೆಯದಾದಷ್ಟೂ ಕರ್ನಾಟಕದ ತೆರಿಗೆ ಕಡಿಮೆ, ನಿಜ. ಆದರೆ ದುಬಾರಿ ವೇರಿಯಂಟ್ ಕೊಂಡವರು ಆ ಹೆಚ್ಚಿನ ಬೆಲೆಗೆ ಇಲ್ಲೊಮ್ಮೆ, ಅಲ್ಲೊಮ್ಮೆ ತೆರಿಗೆ ಕಟ್ಟಿದಂತಾಗುತ್ತದೆ.

ಒಂದು ಸಮಾಧಾನ. ದೊಡ್ಡ ಎಸ್‌ಯುವಿಗಳ ಮೇಲೆ ಮೊದಲು ಶೇ. 28 ಜಿಎಸ್‌ಟಿ, ಶೇ. 22 ಸೆಸ್ ಇತ್ತು. ಈಗ ಒಟ್ಟು ಶೇ. 40. ಈ ಉಳಿತಾಯವನ್ನೇ ತೋರಿಸಿ 'ಹಳೆಯ ಬೇಸ್ ಬೆಲೆಗೆ ಹೊಸ ಟಾಪ್' ಅನ್ನುವವರೂ ಇದ್ದಾರೆ. ಉಳಿದದ್ದು ನಿಮ್ಮ ಹಣ, ಅದನ್ನು ಅಲ್ಲೇ ಖರ್ಚು ಮಾಡಬೇಕೆಂದಿಲ್ಲ.

ನಾವು ಕೊಂಡದ್ದು, ಕಳೆದುಕೊಂಡದ್ದು

ನಾವು ಯಾವ ಕಾರು ಕೊಂಡೆವೆಂದು ಬರೆದರೆ ಜಾಹೀರಾತಾಗುತ್ತದೆ, ಬೇಡ. ಕೊಂಡದ್ದು ಕೆಳಗಿನ ವೇರಿಯಂಟ್. ಎಂಜಿನ್, ಏರ್‌ಬ್ಯಾಗ್, ಬ್ರೇಕಿನ ವ್ಯವಸ್ಥೆ, ಸೀಟಿನ ಎತ್ತರ ಎರಡರಲ್ಲೂ ಒಂದೇ ಇತ್ತು. ಗಾಳಿಯಾಡುವ ಸೀಟು ಟಾಪ್‌ನಲ್ಲೂ ಇರಲಿಲ್ಲ. ಚಕ್ರ ಒಂದಿಂಚು ಚಿಕ್ಕದು. ಉಳಿದ ಹಣದಲ್ಲಿ ಮೊದಲು ಮಾಡಿದ್ದು ಎಂಜಿನ್ ಪ್ರೊಟೆಕ್ಷನ್, ಝೀರೋ ಡೆಪ್ರಿಸಿಯೇಷನ್ ಎರಡನ್ನೂ ವಿಮೆಗೆ ಸೇರಿಸಿದ್ದು. ಆಮೇಲೆ ಹೆಚ್ಚುವರಿ ವಾರಂಟಿ. ಈ ದರ್ಜೆಯ ಕಾರಿನಲ್ಲಿ ಒಂದು ಬಿಡಿಭಾಗ ಕೆಟ್ಟರೂ ಬಿಲ್ಲು ನೋಡಿ ಎದೆ ಝಲ್ಲೆನ್ನುತ್ತದೆ. ಮಿಕ್ಕದ್ದನ್ನು ಮುಂದೊಂದು ದಿನ ಕಟ್ಟಬೇಕಾದ ಕರ್ನಾಟಕದ ತೆರಿಗೆಗೆ ಅಂತ ಎಫ್‌ಡಿ ಇಟ್ಟಿದ್ದೇವೆ.

ತಪ್ಪೂ ಆಗಿದೆ. ಟಾಪ್‌ನಲ್ಲಿ ಸುತ್ತಲೂ ಕಾಣುವ 360 ಡಿಗ್ರಿ ಕ್ಯಾಮೆರಾ ಇತ್ತು, ನಮ್ಮದರಲ್ಲಿ ಹಿಂದಿನದು ಮಾತ್ರ. ನಾನು ಅದನ್ನು ಎರಡನೇ ಕಾಲಮ್ಮಿನಲ್ಲಿ ಬರೆದಿದ್ದೆ. ಮೊದಲನೆಯದರಲ್ಲಿ ಬರೆಯಬೇಕಿತ್ತು. ಈ ಕಾರಿನ ಅಗಲ ಹಳೆಯದಕ್ಕಿಂತ ಒಂದು ಗೇಣು ಹೆಚ್ಚು. ನಮ್ಮ ಬೇಸ್‌ಮೆಂಟಿನ ಕಂಬಗಳಿಗೆ ಅದು ಗೊತ್ತಿಲ್ಲ. ಎರಡನೇ ತಿಂಗಳಿಗೇ ಮುಂದಿನ ಬಂಪರಿನ ಎಡಮೂಲೆ ಕಂಬದ ಬಣ್ಣ ಹಚ್ಚಿಕೊಂಡಿತು. ಕಾರು ನೋಡಲು ಹೋಗುವ ಮುಂಚೆ ನಿಮ್ಮ ಪಾರ್ಕಿಂಗ್ ಜಾಗ ಅಳೆಯಿರಿ. ಇಕ್ಕಟ್ಟಾಗಿದ್ದರೆ ಆ ಕ್ಯಾಮೆರಾ ಒಂದಕ್ಕಾಗಿ ಮೇಲಿನ ವೇರಿಯಂಟ್ ಕೊಂಡರೂ ತಪ್ಪಲ್ಲ.

ಭಾನುವಾರ ಲೇಕ್ ಮಾರ್ಕೆಟ್ಟಿಗೆ ಕಾಫಿಪುಡಿ, ಬಾಳೆ ಎಲೆ ತರಲು ಹೋಗುತ್ತೇವೆ. ಅಪ್ಪ ಮೊದಲೆಲ್ಲ "ನೀವು ಹೋಗ್ಬನ್ನಿ, ನಾನು ಮನೇಲಿರ್ತೀನಿ" ಅನ್ನುತ್ತಿದ್ದರು. ಈಗ ನಮಗಿಂತ ಮುಂಚೆ ಚಪ್ಪಲಿ ಹಾಕಿಕೊಂಡು ಲಿಫ್ಟಿನ ಬಳಿ ನಿಂತಿರುತ್ತಾರೆ. ಬಾಗಿಲು ತೆಗೆದು, ಪಕ್ಕಕ್ಕೆ ಸರಿದು, ಯಾರ ಕೈಯನ್ನೂ ಹಿಡಿಯದೆ ಕೂರುತ್ತಾರೆ. ಆ ಸೀಟಿನ ಎತ್ತರ ಬೇಸ್ ಮಾಡೆಲ್ಲಿನಲ್ಲೂ ಅಷ್ಟೇ, ಟಾಪ್ ಮಾಡೆಲ್ಲಿನಲ್ಲೂ ಅಷ್ಟೇ.

ಮಳೆಗಾಲ ಹತ್ತಿರ ಬರುತ್ತಿದೆ. ಈ ಸಲ ಜೋರು ಮಳೆಯ ಮುನ್ಸೂಚನೆ ಬಂದರೆ ಹಿಂದಿನ ಸಂಜೆಯೇ ಕಾರನ್ನು ಮೇಲಿನ ರಸ್ತೆಗೆ ತಂದು ನಿಲ್ಲಿಸುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಅಕಸ್ಮಾತ್ ಮುಳುಗಿದರೆ, ಸ್ಟಾರ್ಟ್ ಬಟನ್ ಮುಟ್ಟುವುದಿಲ್ಲ.