ಮಹಡಿ ಏರಿಸುವ ಮುನ್ನ ಹಾಕಬೇಕಾದ ಲೆಕ್ಕ

ಬೆಂಗಳೂರಿನ 30×40 ಸೈಟಿನಲ್ಲಿರುವ ಮನೆಯ ಮೇಲೆ ಹತ್ತು ಚದರದ ಇನ್ನೊಂದು ಮಹಡಿ ಏರಿಸಿದರೆ ಕೆಳಗಿನ ಮನೆಯ ಮೇಲೆ ಎಷ್ಟು ಭಾರ ಬೀಳುತ್ತದೆ? ಲೆಕ್ಕ ಕಷ್ಟದ್ದಲ್ಲ. ಒಂದು ಘನ ಮೀಟರ್ ಆರ್‌ಸಿಸಿ ಸುಮಾರು 2,500 ಕಿಲೋ ತೂಗುತ್ತದೆ. ಐದಿಂಚು ದಪ್ಪದ ಮೋಲ್ಡ್ ಒಂದೇ 29 ಟನ್ ಆಯಿತು. ಸಾಲಿಡ್ ಬ್ಲಾಕಿನ ಗೋಡೆಗಳು ಹೆಚ್ಚುಕಡಿಮೆ 40 ಟನ್. ಪ್ಲಾಸ್ಟರು, ಟೈಲ್ಸು, ಅದರಡಿಯ ಬೆಡ್ಡು ಸೇರಿ ಹತ್ತು ಟನ್ ದಾಟುತ್ತದೆ. ಜನ, ಮಂಚ, ಬೀರುಗಳಿಗೆಂದು ಪ್ರತಿ ಚದರ ಮೀಟರಿಗೆ 200 ಕಿಲೋ ಹಿಡಿಯಬೇಕೆಂಬುದು ಭಾರತೀಯ ಮಾನಕಗಳ ನಿಯಮ. ಅದು ಇನ್ನೊಂದು 18 ಟನ್. ಎಲ್ಲ ಸೇರಿ ನೂರು ಟನ್ನಿನ ಆಸುಪಾಸು. ಹನ್ನೆರಡು ಪಿಲ್ಲರಿನ ಮನೆಯಾದರೆ ಒಂದೊಂದಕ್ಕೆ ಸರಾಸರಿ ಎಂಟು ಟನ್ ಹೆಚ್ಚುತ್ತದೆ. ನಡುಮನೆಯ ಪಿಲ್ಲರಿಗೆ ಇನ್ನೂ ಜಾಸ್ತಿ, ಏಕೆಂದರೆ ನಾಲ್ಕೂ ಕಡೆಯ ಮೋಲ್ಡ್ ಅದರ ಮೇಲೆ ಕೂರುತ್ತದೆ.

ಇಷ್ಟು ಭಾರ ಹೊರಿಸುವ ತೀರ್ಮಾನ ನಮ್ಮಲ್ಲಿ ಬಹಳ ಸಲ ಒಂದು ಮಾತಿನಲ್ಲಿ ಮುಗಿಯುತ್ತದೆ. ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿ, "ಪಾಯ ಗಟ್ಟಿ ಇದೆ ಸಾರ್, ಇನ್ನೆರಡು ಫ್ಲೋರ್ ಆರಾಮಾಗಿ ತಡೆಯುತ್ತೆ" ಅನ್ನುತ್ತಾರೆ. ಪಾಯದ ಆಳ ಎಷ್ಟು, ಅಗಲ ಎಷ್ಟು, ಅದರಡಿಯ ಮಣ್ಣು ಎಂಥದು ಎಂಬುದು ಗೋಡೆ ತಟ್ಟಿದರೆ ಗೊತ್ತಾಗುವುದಿಲ್ಲ. ಹಳೆಯ ನಕ್ಷೆ ಸಿಗದಿದ್ದರೆ ಪಾಯದ ಪಕ್ಕ ಗುಂಡಿ ತೋಡಿ ಅಳೆದು ನೋಡುವುದೊಂದೇ ದಾರಿ. ಮನೆ ಇಡಿಯಾಗಿ ಒಂದೇ ಸಮ ಇಳಿದರೆ ಅಷ್ಟು ಅಪಾಯವಿಲ್ಲ. ಒಂದು ಮೂಲೆ ಮಿಕ್ಕವುಗಳಿಗಿಂತ ಅರ್ಧ ಇಂಚು ಹೆಚ್ಚು ಇಳಿದರೆ ಗೋಡೆ ಸೀಳುತ್ತದೆ. ಎಂಜಿನಿಯರುಗಳು ಇದನ್ನು ಅಸಮ ಕುಸಿತ ಎನ್ನುತ್ತಾರೆ. ಸಂಪು ಸೋರಿ ಒಂದು ಕಡೆಯ ಮಣ್ಣು ಮೆತ್ತಗಾದಾಗ, ಮುಚ್ಚಿದ ಕೆರೆಯ ಮೇಲೆ ಎದ್ದ ಬಡಾವಣೆಗಳಲ್ಲಿ, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಹುಬ್ಬಳ್ಳಿ–ಧಾರವಾಡ ಕಡೆಯ ಎರೆಮಣ್ಣಿನಲ್ಲಿ ಇದರ ಸಾಧ್ಯತೆ ಹೆಚ್ಚು.

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕುಸಿದ ಕಟ್ಟಡದಲ್ಲಿ ಕೆಳಗೆ ಅಂಗಡಿಗಳು ವ್ಯಾಪಾರ ನಡೆಸುತ್ತಿದ್ದವು, ಮೇಲೆ ಇನ್ನೂ ಕಟ್ಟುವ ಕೆಲಸ ಸಾಗಿತ್ತು. 19 ಮಂದಿ ಸತ್ತರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಬಿದ್ದ ಕಟ್ಟಡಕ್ಕೆ ಅನುಮತಿ ಮೀರಿ ಮಹಡಿ ಏರಿಸಲಾಗಿತ್ತು. ಇವು ಕಟ್ಟುತ್ತಿರುವಾಗಲೇ ಬಿದ್ದವು, ಹಾಗಾಗಿ ಸುದ್ದಿಯಾದವು. ನನ್ನನ್ನು ಹೆಚ್ಚು ಕಾಡುವುದು ಬೀಳದೆ ನಿಂತಿರುವ, ಒಳಗೊಳಗೇ ಸವೆಯುತ್ತಿರುವ ಮನೆಗಳು.

ಸವೆತ ಎಲ್ಲಿ ಶುರುವಾಗುತ್ತದೆಂದು ನೋಡಬೇಕಾದರೆ ಯಾವುದಾದರೂ ಬಡಾವಣೆಯ ತಾರಸಿಗಳತ್ತ ಕಣ್ಣು ಹಾಯಿಸಿದರೆ ಸಾಕು. ಮುಂದೆ ಮಹಡಿ ಕಟ್ಟೋಣವೆಂದು ಬಿಟ್ಟ ಪಿಲ್ಲರ್ ಕಂಬಿಗಳು ಹತ್ತು ಹದಿನೈದು ಮಳೆಗಾಲ ನೆನೆದು ನಿಂತಿರುತ್ತವೆ. ಅವುಗಳ ಬುಡ ನೋಡಿ: ತುಕ್ಕು ಪದರ ಪದರವಾಗಿ ಎದ್ದಿರುತ್ತದೆ, ಉಗುರಿನಲ್ಲಿ ಕೆರೆದರೆ ಚಕ್ಕೆ ಬರುತ್ತದೆ, 12 ಮಿಲಿಮೀಟರಿನ ಕಂಬಿ ಮೋಲ್ಡಿನಿಂದ ಹೊರಬರುವ ಜಾಗದಲ್ಲಿ ಸಣಕಲಾಗಿರುತ್ತದೆ. ಹೊಸ ಪಿಲ್ಲರಿನ ಕಂಬಿಯನ್ನು ಬೈಂಡಿಂಗ್ ವೈರಿನಲ್ಲಿ ಕಟ್ಟುವುದು ಇದಕ್ಕೇ. ಹಳೆಯ ಕಂಬಿಯ ಬಲ ಹೊಸದಕ್ಕೆ ದಾಟಬೇಕಾದರೆ ಎರಡೂ ಸಾಕಷ್ಟು ಉದ್ದ ಜೊತೆಯಾಗಿ ಸಾಗಬೇಕು. ಸೈಟಿನ ರೂಢಿಯ ಲೆಕ್ಕ ಕಂಬಿಯ ದಪ್ಪದ 50 ಪಟ್ಟು, 12 ಮಿಲಿಮೀಟರಿಗೆ ಎರಡು ಅಡಿ. ತಾರಸಿಯ ಮೇಲೆ ಒಂದೇ ಅಡಿ ಉಳಿದಿದ್ದರೆ ಆ ಜೋಡಣೆ ಅರೆಬರೆಯಾಗುತ್ತದೆ. ಪ್ಲಾಸ್ಟರಿಂಗ್ ಆದ ಮೇಲೆ ಅದನ್ನು ಯಾರೂ ನೋಡಲಾರರು.

ಇನ್ನು ಮಾಲು. ಐಎಸ್ 456 ಸಂಹಿತೆಯ ಪ್ರಕಾರ ಎಂ20 ದರ್ಜೆಯ ಕಾಂಕ್ರೀಟಿಗೆ 50 ಕಿಲೋ ಸಿಮೆಂಟ್ ಮೂಟೆಯೊಂದಕ್ಕೆ ಹೆಚ್ಚೆಂದರೆ 30 ಲೀಟರ್ ನೀರು. ಅಷ್ಟರಲ್ಲಿ ಮಾಲು ಗಟ್ಟಿಯಾಗಿರುತ್ತದೆ, ಕಂಬಿಗಳ ನಡುವೆ ಇಳಿಸಲು ವೈಬ್ರೇಟರ್ ಬೇಕು, ಕೈ ನೋಯುತ್ತದೆ. ಒಂದು ಬಕೆಟ್ ನೀರು ಹೆಚ್ಚು ಸುರಿದರೆ ತಾನಾಗಿ ಜಾರುತ್ತದೆ. ಡಫ್ ಅಬ್ರಾಮ್ಸ್ ಎಂಬ ಅಮೆರಿಕದ ಸಂಶೋಧಕ 1918ರಲ್ಲೇ ಪ್ರಯೋಗಗಳಿಂದ ತೋರಿಸಿದ ಸಂಗತಿಯಿದು: ನೀರು–ಸಿಮೆಂಟಿನ ಅನುಪಾತ ಏರಿದಂತೆ ಕಾಂಕ್ರೀಟಿನ ಬಲ ಕುಸಿಯುತ್ತದೆ. 30 ಲೀಟರಿನ ಬದಲು 40 ಹಾಕಿದರೆ ಸರಿಸುಮಾರು ಮೂರನೇ ಒಂದು ಭಾಗ ಬಲ ಹೋಗುತ್ತದೆ. ಸಿಮೆಂಟಿಗೆ ಬೇಡವಾದ ನೀರು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಕ್ಯೂರಿಂಗ್ ಕನಿಷ್ಠ ಏಳು ದಿನ, ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ ಹಾರುಬೂದಿ ಅಥವಾ ಸ್ಲ್ಯಾಗ್ ಬೆರೆಸಿದ ಸಿಮೆಂಟಿಗೆ ಹತ್ತು ದಿನ ನಡೆಯಬೇಕು. ಟ್ಯಾಂಕರ್ ನೀರು ದುಬಾರಿಯಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಈ ರಂಧ್ರಗಳಿಂದಲೇ ಮುಂದಿನ ಹಾನಿ. ಹೊಸ ಕಾಂಕ್ರೀಟು ತೀವ್ರ ಕ್ಷಾರೀಯ. ಅದರ ಪಿಎಚ್ 12.5ರಿಂದ 13. ಆ ಕ್ಷಾರದಲ್ಲಿ ಕಂಬಿಯ ಮೇಲೆ ತೆಳುವಾದ ರಕ್ಷಾಪದರ ಮೂಡಿ ತುಕ್ಕನ್ನು ತಡೆಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ರಂಧ್ರಗಳ ಮೂಲಕ ಒಳಗೆ ಇಳಿದು ಕ್ಷಾರವನ್ನು ಸುಣ್ಣಕಲ್ಲಾಗಿ ಮಾರ್ಪಡಿಸುತ್ತದೆ, ಇದು ಕಾರ್ಬನೀಕರಣ. ಪಿಎಚ್ 9ರ ಕೆಳಗಿಳಿದರೆ ರಕ್ಷಾಪದರ ಕರಗುತ್ತದೆ, ತೇವ ಸಿಕ್ಕಿದ ಕಡೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ.

ಇಲ್ಲಿ ಒಂದು ಗಣಿತವನ್ನು ಮನೆ ಕಟ್ಟಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಕಾರ್ಬನೀಕರಣದ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಕಂಬಿಯ ಕೆಳಗೆ 20 ಮಿಲಿಮೀಟರ್ ಒಳ್ಳೆಯ ಕಾಂಕ್ರೀಟ್ ಇದ್ದು, ಅದು ಕಂಬಿ ಮುಟ್ಟಲು 40 ವರ್ಷ ಹಿಡಿಯುತ್ತದೆ ಎಂದುಕೊಳ್ಳಿ. ಕವರ್ ಬ್ಲಾಕ್ ಇಡದೆ ಕಂಬಿಯಡಿ ಜಲ್ಲಿಚೂರು ಸಿಕ್ಕಿಸಿ, ಆ ಅಂತರ 10 ಮಿಲಿಮೀಟರಿಗೆ ಇಳಿದರೆ ಅವಧಿ ಅರ್ಧವಾಗುವುದಿಲ್ಲ. ಕಾಲು ಭಾಗಕ್ಕೆ, ಅಂದರೆ ಹತ್ತು ವರ್ಷಕ್ಕೆ ಇಳಿಯುತ್ತದೆ. ನೀರು ಹೆಚ್ಚಾಗಿ, ಕ್ಯೂರಿಂಗ್ ಕಡಿಮೆಯಾಗಿ ಕಾರ್ಬನೀಕರಣದ ಗುಣಾಂಕ ದುಪ್ಪಟ್ಟಾದರೆ ಮತ್ತೆ ಕಾಲು ಭಾಗ, ಎರಡೂವರೆ ವರ್ಷ. ಅಲ್ಲಿಂದ ತುಕ್ಕು ಬೆಳೆದು ಬಿರುಕಾಗಿ ಹೊರಗೆ ಕಾಣಲು ಇನ್ನೂ ಕೆಲವು ವರ್ಷ. ಎರಡು ಸಣ್ಣ ಉದಾಸೀನ ಸೇರಿ ಮನೆಯ ಆಯುಷ್ಯದಲ್ಲಿ ಒಂದು ತಲೆಮಾರನ್ನೇ ಕಿತ್ತುಕೊಳ್ಳುತ್ತವೆ.

ಇದನ್ನು ಹಣದ ಮತ್ತು ಕಾನೂನಿನ ಅವಧಿಯ ಪಕ್ಕ ಇಟ್ಟು ನೋಡಿ. ಮೇಸ್ತ್ರಿಗೆ ದೊಡ್ಡ ಕಂತು ಸಾಮಾನ್ಯವಾಗಿ ಮೋಲ್ಡ್ ಹಾಕಿದ ವಾರವೇ ಸಲ್ಲುತ್ತದೆ, ಉಳಿದದ್ದು ಬಣ್ಣ ಬಳಿಯುವ ಹೊತ್ತಿಗೆ. ಮನೆ ಕಟ್ಟಿಕೊಡುವುದೂ 'ಸೇವೆ'ಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕಳಪೆ ಕೆಲಸದ ವಿರುದ್ಧ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ದೂರು ಅಲ್ಲಿಯೇ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ತಡವಾದರೆ ತಕ್ಕ ಕಾರಣ ತೋರಿಸಿ ಆಯೋಗವನ್ನು ಒಪ್ಪಿಸಬೇಕು. ರೇರಾ ಕಾಯ್ದೆ ಕಟ್ಟಡದ ರಚನಾದೋಷಕ್ಕೆ ಐದು ವರ್ಷ ಹೊಣೆ ಹೊರಿಸುತ್ತದೆ, ಆದರೆ ಅದು ಮಾರಾಟಕ್ಕೆ ಕಟ್ಟುವ ಪ್ರವರ್ತಕರಿಗೆ. ಸ್ವಂತ ಮನೆಗೆ ಮಹಡಿ ಏರಿಸಿದ ಮೇಸ್ತ್ರಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಕಂಬಿಯ ತುಕ್ಕು ಹೊರಬೀಳುವ ಹೊತ್ತಿಗೆ ಹಣ ಮುಗಿದಿರುತ್ತದೆ, ಗಡುವಿನ ಮಾತು ತಕರಾರಾಗಿರುತ್ತದೆ, ಎಷ್ಟೋ ಸಲ ಮೇಸ್ತ್ರಿಯ ಫೋನೇ ಬದಲಾಗಿರುತ್ತದೆ. ಕಳೆದೆರಡು ದಶಕಗಳಲ್ಲಿ ಏರಿದ ಮಹಡಿಗಳು ಈಗ ಸರಿಯಾಗಿ ಆ ವಯಸ್ಸಿಗೆ ಬರುತ್ತಿವೆ.

ಆದ್ದರಿಂದ ಸಾಕ್ಷ್ಯವನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಕೂಡಿಸಬೇಕು. ಲೇಬರ್ ಕಾಂಟ್ರಾಕ್ಟ್ ಆಗಲಿ, ಮೆಟೀರಿಯಲ್ ಸಹಿತವಾಗಲಿ, ಕರಾರು ಬರವಣಿಗೆಯಲ್ಲಿರಲಿ. ಕಾಂಕ್ರೀಟಿನ ದರ್ಜೆ, ಕಂಬಿಯ ಅಳತೆ, ಕವರು, ಕ್ಯೂರಿಂಗ್ ದಿನ ಅದರಲ್ಲಿರಲಿ. ಸ್ಟ್ರಕ್ಚರಲ್ ಎಂಜಿನಿಯರ್ ಕಂಬಿ ನೋಡಿ ಒಪ್ಪಿದ ಮೇಲೆ, ಟೇಪು ಹಿಡಿದು ಫೋಟೋ ತೆಗೆದ ಮೇಲೆ ಮಾಲು ಸುರಿಯಲಿ. ಅದೇ ಮಾಲಿನಿಂದ 150 ಮಿಲಿಮೀಟರಿನ ಕ್ಯೂಬುಗಳನ್ನು ಎರಕಹೊಯ್ದು 28ನೇ ದಿನ ಪ್ರಯೋಗಾಲಯದಲ್ಲಿ ಒಡೆಸಬೇಕು. ಅನೇಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಸೌಲಭ್ಯವಿದೆ. ದೊಡ್ಡ ಕಂತನ್ನು ಮೋಲ್ಡ್ ಹಾಕಿದ ದಿನದ ಬದಲು ಈ ವರದಿಯ ದಿನಕ್ಕೆ ಕಟ್ಟಿಹಾಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲವೆಂದು ನನ್ನ ನಂಬಿಕೆ.

ಕೆಲಸ ಆಗಲೇ ಕೆಟ್ಟಿದ್ದರೆ ಮೊದಲ ಎಚ್ಚರ: ಬಿರುಕಿಗೆ ಪುಟ್ಟಿ ಬಳಿಯಬೇಡಿ, ಅದರೊಂದಿಗೆ ಸಾಕ್ಷ್ಯವೂ ಮುಚ್ಚಿಹೋಗುತ್ತದೆ. ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ತಿಂಗಳು ಬಿಟ್ಟು ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ. ರಿಪೇರಿಗೆ ಮುನ್ನ ಆ ಕೆಲಸಕ್ಕೆ ಸಂಬಂಧಪಡದ ಎಂಜಿನಿಯರಿಂದ ವರದಿ ಮಾಡಿಸಿ, ಮೇಸ್ತ್ರಿಗೆ ನೋಟಿಸ್ ಕೊಡಿ. ರಿಬೌಂಡ್ ಹ್ಯಾಮರ್ ಕಾಂಕ್ರೀಟಿನ ಮೇಲ್ಮೈ ಗಟ್ಟಿತನವನ್ನೂ, ಶ್ರವಣಾತೀತ ತರಂಗ ಪರೀಕ್ಷೆ ಒಳಗಿನ ಟೊಳ್ಳನ್ನೂ ತೋರಿಸುತ್ತವೆ. ಹೊಸದಾಗಿ ಒಡೆದ ತುಂಡಿನ ಮೇಲೆ ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗಾಢ ಗುಲಾಬಿಯಾಗುತ್ತದೆ, ಉಳಿಯದ ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣ ಬಾರದ ಅಂಚನ್ನು ಸ್ಕೇಲಿನಲ್ಲಿ ಅಳೆದರೆ ಕಾರ್ಬನೀಕರಣ ಕಂಬಿಯಿಂದ ಎಷ್ಟು ದೂರದಲ್ಲಿದೆ ಎಂಬುದು ಮಿಲಿಮೀಟರಿನಲ್ಲಿ ಸಿಗುತ್ತದೆ.

ಬಿರುಕುಗಳೆಲ್ಲ ಒಂದೇ ಅಲ್ಲ. ಪ್ಲಾಸ್ಟರಿನ ಮೇಲಿನ ಕೂದಲೆಳೆಯ ಗೀರುಗಳಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹರಿದು ದಿನೇ ದಿನೇ ಅಗಲವಾಗುವುದು, ಪಿಲ್ಲರಿನ ಉದ್ದಕ್ಕೂ ಸೀಳು ಬಿಡುವುದು, ಬುಡದಲ್ಲಿ ಕಾಂಕ್ರೀಟ್ ಪುಡಿಯಾಗುವುದು, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಬಿಗಿಯುವುದು, ಇವು ಬೇರೆ ಜಾತಿಯವು. 2021ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಂಗಳೂರಿನ ಲಕ್ಕಸಂದ್ರ ಮತ್ತು ಕಸ್ತೂರಿನಗರದಲ್ಲಿ ಮನೆಗಳು ಕುಸಿದಾಗ ಜನ ಸಕಾಲಕ್ಕೆ ಹೊರಬಂದಿದ್ದರು, ಯಾರೂ ಸಾಯಲಿಲ್ಲ. ಏರಿಸಿದ ಮಹಡಿಯನ್ನು ನಾವು ಹೆಚ್ಚಾಗಿ ಬಾಡಿಗೆಗೆ ಕೊಟ್ಟಿರುತ್ತೇವೆ. ಈ ಲಕ್ಷಣಗಳು ಕಂಡರೆ ಎಂಜಿನಿಯರ್ ಬಂದು ನೋಡುವವರೆಗೂ ಕಾಯದೆ, ಮೇಲಿನವರನ್ನೂ ಕರೆದುಕೊಂಡು ಅಂದೇ ಮನೆ ಖಾಲಿ ಮಾಡಬೇಕು.