ಅತಿಪ್ರಾಚೀನ ಶಿಲೆಗಳಲ್ಲಿ ಜೀವದ ಸಮಸ್ಥಾನಿ ಸಾಕ್ಷ್ಯ

350 ಕೋಟಿ ವರ್ಷಗಳಿಗಿಂತ ಹಳೆಯದಾದ ಶಿಲೆಗಳಲ್ಲಿ ಪಳೆಯುಳಿಕೆಗಳನ್ನು ಅರಸುವುದು ಬಹುಮಟ್ಟಿಗೆ ನಿಷ್ಫಲ ಪ್ರಯತ್ನ. ಅವುಗಳಲ್ಲಿ ಹೆಚ್ಚಿನವು ಉಷ್ಣ ಮತ್ತು ಒತ್ತಡಗಳಿಗೆ ಸಿಲುಕಿ ರೂಪಾಂತರ ಹೊಂದಿರುವುದರಿಂದ ಜೀವಕೋಶದ ಆಕಾರವು ಉಳಿದಿರುವ ಸಂಭವ ಅತ್ಯಲ್ಪ. ಆಕಾರ ಅಳಿದರೂ ಇಂಗಾಲವು ಗ್ರಾಫೈಟ್ ರೂಪದಲ್ಲಿ ಉಳಿಯಬಲ್ಲದು. ಆ ಇಂಗಾಲದ ಮೂಲವನ್ನು ಅದರ ಸಮಸ್ಥಾನಿಗಳ ಅನುಪಾತದಿಂದ ಗುರುತಿಸಬಹುದೇ ಎಂಬುದೇ ಇಲ್ಲಿನ ಪ್ರಶ್ನೆ.

ನಿಸರ್ಗದ ಇಂಗಾಲದಲ್ಲಿ ಸುಮಾರು ಶೇ. 98.9 ಭಾಗ ಇಂಗಾಲ-12, ಶೇ. 1.1 ಭಾಗ ಇಂಗಾಲ-13. ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ರುಬಿಸ್ಕೋ ಕಿಣ್ವವು ಹಗುರವಾದ ಇಂಗಾಲ-12ರೊಡನೆ ಹೆಚ್ಚು ವೇಗವಾಗಿ ವರ್ತಿಸುತ್ತದೆ. ಆದಕಾರಣ ಜೈವಿಕ ಪದಾರ್ಥದಲ್ಲಿ ಇಂಗಾಲ-13ರ ಪ್ರಮಾಣವು ಸಾಗರದ ಕಾರ್ಬೊನೇಟಿಗಿಂತ ಸಾಮಾನ್ಯವಾಗಿ ಸಾವಿರಕ್ಕೆ 25ರಷ್ಟು ಕಡಿಮೆ. ರೂಪಾಂತರದ ಕಾಲದಲ್ಲಿ ಗ್ರಾಫೈಟ್ ಸುತ್ತಲಿನ ಕಾರ್ಬೊನೇಟಿನೊಡನೆ ಇಂಗಾಲವನ್ನು ವಿನಿಮಯ ಮಾಡಿಕೊಂಡರೆ ಈ ಅಂತರ ಕುಗ್ಗುತ್ತದೆ.

1996ರಲ್ಲಿ ಸ್ಟೀಫನ್ ಮೊಯ್ಸಿಸ್ ಮತ್ತು ಸಂಗಡಿಗರು ನೈಋತ್ಯ ಗ್ರೀನ್‌ಲ್ಯಾಂಡಿನ ಅಕಿಲಿಯಾ ದ್ವೀಪದ ಶಿಲೆಯಲ್ಲಿ, ಅಪಟೈಟ್ ಹರಳುಗಳೊಳಗಿನ ಗ್ರಾಫೈಟಿನಲ್ಲಿ ಸರಾಸರಿ ಸಾವಿರಕ್ಕೆ −37 ಮೌಲ್ಯವನ್ನು ಅಳೆದು, 385 ಕೋಟಿ ವರ್ಷಗಳಷ್ಟು ಹಿಂದೆಯೇ ಜೀವವಿತ್ತೆಂದು ವಾದಿಸಿದರು. ಈ ವಾದಕ್ಕೆ ಎದುರಾದ ಮುಖ್ಯ ಆಕ್ಷೇಪ ಸಮಸ್ಥಾನಿಗಳನ್ನು ಕುರಿತದ್ದಲ್ಲ, ಶಿಲೆಯನ್ನೇ ಕುರಿತದ್ದು. ಅದು ಜಲಸಂಚಿತ ಶಿಲೆಯಲ್ಲ, ದ್ರವಗಳಿಂದ ಮಾರ್ಪಟ್ಟ ಅಗ್ನಿಶಿಲೆ ಎಂದು 2002ರಲ್ಲಿ ಫೆಡೊ ಮತ್ತು ವೈಟ್‌ಹೌಸ್ ಪ್ರತಿಪಾದಿಸಿದರು. ಅಪಟೈಟಿನೊಳಗೆ ಗ್ರಾಫೈಟೇ ದೊರೆಯಲಿಲ್ಲವೆಂದು 2005ರಲ್ಲಿ ಲೆಪ್‌ಲ್ಯಾಂಡ್ ತಂಡ ವರದಿ ಮಾಡಿದರೆ, 2007ರಲ್ಲಿ ಮೆಕೀಗನ್ ತಂಡವು ರಾಮನ್ ರೋಹಿತದ ನೆರವಿನಿಂದ ಅದನ್ನು ಮತ್ತೆ ತೋರಿಸಿತು. ಹರಳಿನೊಳಗೆ ಗ್ರಾಫೈಟ್ ಇದ್ದ ಮಾತ್ರಕ್ಕೆ ಶಿಲೆಯ ಮೂಲ ಇತ್ಯರ್ಥವಾಗುವುದಿಲ್ಲ.

ಸಮೀಪದ ಇಸುವಾ ಶಿಲಾಪಟ್ಟಿಯಲ್ಲಿ ಇನ್ನೊಂದು ಎಚ್ಚರಿಕೆ ದೊರೆಯಿತು. ಅಲ್ಲಿನ ಗ್ರಾಫೈಟಿನ ಬಹುಭಾಗ ಸಿಡರೈಟ್ ಎಂಬ ಕಬ್ಬಿಣದ ಕಾರ್ಬೊನೇಟು ಕಾದು ಮ್ಯಾಗ್ನಟೈಟ್ ಮತ್ತು ಇಂಗಾಲವಾಗಿ ಒಡೆದುದರಿಂದ ಉಂಟಾದದ್ದೆಂದು 2002ರಲ್ಲಿ ವಾನ್ ಜೌಲೆನ್ ಮತ್ತು ಸಹಸಂಶೋಧಕರು ತೋರಿಸಿದರು. ಅದಕ್ಕೆ ಜೀವದ ಅಗತ್ಯವೇ ಇಲ್ಲ. ಹೀಗಾಗಿ ಮಿನಿಕ್ ರೋಸಿಂಗ್ 1999ರಲ್ಲಿ ವರ್ಣಿಸಿದ ಪಶ್ಚಿಮ ಇಸುವಾದ ಗ್ರಾಫೈಟ್ ಹೆಚ್ಚು ಗಣನೀಯ. 370 ಕೋಟಿ ವರ್ಷಗಳಿಗೂ ಹಳೆಯ ಸಾಗರತಳದ ಕೆಸರಿನ ಪದರಗಳಲ್ಲಿ ಚದುರಿರುವ ಅದರ ಮೌಲ್ಯ ಸುಮಾರು −19. ಅಕಿಲಿಯಾದ ಸಂಖ್ಯೆಯಷ್ಟು ಆಕರ್ಷಕವಲ್ಲದಿದ್ದರೂ, ಇದರ ಭೂವೈಜ್ಞಾನಿಕ ಸನ್ನಿವೇಶ ಸ್ಪಷ್ಟ.

2015ರಲ್ಲಿ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ 410 ಕೋಟಿ ವರ್ಷ ಹಳೆಯ ಜಿರ್ಕಾನೊಂದರಲ್ಲಿ −24 ಮೌಲ್ಯದ ಗ್ರಾಫೈಟ್ ವರದಿಯಾಯಿತು. ಅದು ಒಂದೇ ಹರಳು. ಅದು ಹುಟ್ಟಿದ ಮೂಲಶಿಲೆ ಉಳಿದಿಲ್ಲ.