ಕೂಸು ಕಾಯ್ದ 45 ದಿನ

ಹೋದ ಮುಂಗಾರಿನಲ್ಲಿ ನಮ್ಮ ಮನೆಯವಳು ಕೊಟ್ಟಿಗೆಯಲ್ಲಿ ಸಗಣಿ ಮೇಲೆ ಕಾಲಿಟ್ಟು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಡಾಕ್ಟರು ಪಟ್ಟಿ ಹಾಕಿ "ಆರು ವಾರ ಈ ಕೈಯಲ್ಲಿ ಏನೂ ಎತ್ತಬಾರದು" ಎಂದರು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಮುದ್ದೆ ತಿರುವೋರು ಯಾರು, ಹಾಲು ಕರೆಯೋರು ಯಾರು, ಶೇಂಗಾ ಕಳೆಗೆ ಆಳು ಎಷ್ಟು ಬೇಕು? ಕೂಸಿನ ವಿಚಾರ ತಲೆಗೇ ಬರಲಿಲ್ಲ. ಅದೊಂದು ಕೆಲಸ ಅಂತ ನಾನು ಯಾವತ್ತೂ ಲೆಕ್ಕಕ್ಕೆ ಹಿಡಿದವನೇ ಅಲ್ಲ.

ಕೂಸು ಅಂದರೆ ಮೊಮ್ಮಗಳು. ಆಗ ಅವಳಿಗೆ ಒಂದೂವರೆ ವರ್ಷ. ಮಗ, ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಗಾರ್ಮೆಂಟ್ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ನೋಡಿಕೊಳ್ಳಲು ಯಾರೂ ಇಲ್ಲ. ಹಾಗಾಗಿ ವರ್ಷ ತುಂಬಿದ ಮೇಲೆ ನಮ್ಮ ಹತ್ತಿರ ಬಿಟ್ಟಿದ್ದಾರೆ. ಅಂಗನವಾಡಿಗೆ ಸೇರಿಸಲು ಮೂರು ವರ್ಷ ತುಂಬಬೇಕು.

ನಮ್ಮದು ಚಳ್ಳಕೆರೆ ತಾಲೂಕು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆ. ಆರು ಎಕರೆ ಖುಷ್ಕಿ ಜಮೀನು, ಎರಡು ಎತ್ತು, ಒಂದು ಹಸು, ಅದರ ಕರು. ನಾಲ್ಕು ಎಕರೆಗೆ ಶೇಂಗಾ ಹಾಕಿ ಅದರಲ್ಲೇ ತೊಗರಿ ಅಕ್ಕಡಿ ಹಿಡಿಯುತ್ತೇನೆ. ಉಳಿದದ್ದಕ್ಕೆ ರಾಗಿ, ಹುರುಳಿ. ಮೂರು ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ್ದೇನೆ ಅಂತ ಊರಲ್ಲಿ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಸಾಕಿದವರು ನಮ್ಮವ್ವ ಮತ್ತು ಮನೆಯವಳು. ನಾನು ಸಂಜೆ ಹೊಲದಿಂದ ಬಂದು ಎತ್ತಿ ಆಡಿಸಿ, ಅತ್ತ ಕೂಡಲೇ ವಾಪಸ್ ಕೊಟ್ಟವನು. ಈ ಸಲ ವಾಪಸ್ ಕೊಡಲು ಆ ಕಡೆ ಕೈ ಇರಲಿಲ್ಲ.

ಸರಿ ಹೋಗಿ ಮುದ್ದೆ ಆಯಿತು

ಮೊದಲನೇ ದಿನವೇ ರಾಗಿ ಸರಿ ಮಾಡಬೇಕಾಯಿತು. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜಾಲಿಸಿದ ಹಿಟ್ಟು ಡಬ್ಬಿಯಲ್ಲಿ ತಯಾರಿತ್ತು. ಇನ್ನೇನು ಕಷ್ಟ ಅಂತ ಕುದಿಯುವ ನೀರಿಗೆ ಹಿಟ್ಟು ಸುರಿದೆ. ಗಂಟು ಗಂಟಾಯಿತು. ಕೋಲು ಹಾಕಿ ತಿರುವಿದೆ, ಮುದ್ದೆ ಆಯಿತು. ಜಗಲಿಯಿಂದ ಮನೆಯವಳು "ಹಿಟ್ಟನ್ನ ಮೊದಲು ತಣ್ಣೀರಲ್ಲಿ ಕಲಸಬೇಕು ಕಣ್ರೀ" ಎಂದು ಕೂಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅದನ್ನು ನಾನೇ ತಿಂದೆ.

ಎರಡನೇ ಸಲ ಚೆನ್ನಾಗಿ ಬಂತು. ಒಂದು ಚಮಚ ಕೂಸು ತಿಂದಿತು, ಒಂದು ಚಮಚ ನಾಯಿಗೆ ಕೊಟ್ಟಿತು, ಒಂದು ಚಮಚ ನನ್ನ ತಲೆಗೆ ಸವರಿತು. ಬಟ್ಟಲು ಖಾಲಿ ಆದದ್ದು ನೋಡಿ ಪೂರ್ತಿ ತಿಂದಳು ಅಂತ ಒಳಗೆ ವರದಿ ಕೊಟ್ಟೆ. ಮನೆಯವಳು ನನ್ನ ತಲೆ ನೋಡಿದಳು, ಏನೂ ಮಾತಾಡಲಿಲ್ಲ.

ಅವಳಿಗೆ ಆಗ ಸ್ಪಷ್ಟವಾಗಿ ಬರುತ್ತಿದ್ದದ್ದು ಒಂದೇ ಮಾತು, "ಬ್ಯಾಡ". ಸ್ನಾನ ಬ್ಯಾಡ, ಅಂಗಿ ಬ್ಯಾಡ, ನಿದ್ದೆ ಬ್ಯಾಡ. ಬೆಲ್ಲ ಕೊಟ್ಟರೂ ಬ್ಯಾಡ ಎನ್ನುತ್ತಲೇ ಕೈ ಚಾಚುತ್ತಾಳೆ. ಕಿತ್ತುಕೊಂಡರೆ ಮೂರು ಹೊಲದಾಚೆ ಕೇಳಿಸುವಂತೆ ಅಳು.

ನಿದ್ದೆ ಮಾಡಿಸುವುದು ಇನ್ನೊಂದು ಪಾಡು. ಹೊಲದ ಬೇವಿನ ಮರಕ್ಕೆ ಸೀರೆ ಕಟ್ಟಿ ಜೋಲಿ ಮಾಡಿದೆ. ಜೋಗುಳ ನನಗೆ ಬರುವುದಿಲ್ಲ. ಎತ್ತು ನೀರು ಕುಡಿಯುವಾಗ ಸಮಾಧಾನಕ್ಕೆ "ಹೋ... ಹೋ..." ಅಂತ ದನಿ ಎಳೆಯುತ್ತೇವಲ್ಲ, ಅದನ್ನೇ ಎಳೆದೆ. ಕೂಸು ಮಲಗಿತು! ಅಡ್ಡಿಯೊಂದೇ, ಈಗ ಎತ್ತು ನೀರು ಕುಡಿಸಲು ಹೋದರೆ ಹೆಗಲ ಮೇಲಿದ್ದವಳು ತೂಕಡಿಸುತ್ತಾಳೆ.

ಬೀಜೋಪಚಾರ, ಮಣ್ಣು ಪರೀಕ್ಷೆ, ಕಳೆ

ಒಂದು ಮಧ್ಯಾಹ್ನ ತೊಗರಿ ಬೀಜ ಒಂದು ಚೀಲ, ಹುರುಳಿ ಬೀಜ ಒಂದು ಚೀಲ ಬಿಚ್ಚಿಟ್ಟು ಎತ್ತಿಗೆ ಮೇವು ಹಾಕಲು ಹೋದೆ. ಬರುವಷ್ಟರಲ್ಲಿ ಎರಡೂ ಸೇರಿಸಿ ಅದರ ಮಧ್ಯೆ ಕೂತಿದ್ದಳು. ಅಕ್ಕಡಿ ಸಾಲಿಗೆ ಬೀಜ ತಯಾರಾಗಿತ್ತು. ರಾತ್ರಿ ಹನ್ನೊಂದರವರೆಗೆ ದೀಪದ ಕೆಳಗೆ ಜರಡಿ ಹಿಡಿದೆ.

ಮಣ್ಣು ತಿನ್ನುವುದರಲ್ಲೂ ಮುಂದೆ. ಅಂಗಳದ್ದು, ಹೊಲದ್ದು, ಹುತ್ತದ್ದು ಎಲ್ಲದರ ರುಚಿ ನೋಡಿದಳು. ನಾನು ನಗುತ್ತ "ಮಣ್ಣು ಪರೀಕ್ಷೆ ಮಾಡ್ತಾಳೆ" ಎಂದರೆ ಆಶಾ ಕಾರ್ಯಕರ್ತೆ ನಗಲಿಲ್ಲ. ಮಣ್ಣು ತಿನ್ನುವ ಮಕ್ಕಳಲ್ಲಿ ಎಷ್ಟೋ ಸಲ ರಕ್ತ ಕಡಿಮೆ ಇರುತ್ತದೆ, ಹೊಟ್ಟೆಯಲ್ಲಿ ಜಂತುಹುಳ ಆಗುತ್ತದೆ ಎಂದು ಹೇಳಿ ಆಸ್ಪತ್ರೆಗೆ ಕಳಿಸಿದರು. ಪರೀಕ್ಷೆ ಮಾಡಿದರೆ ರಕ್ತ ಕಡಿಮೆಯೇ ಇತ್ತು. ಕಬ್ಬಿಣಾಂಶದ ಟಾನಿಕ್ ಕೊಟ್ಟರು. ಜಂತುಹುಳದ ಮಾತ್ರೆ ಎರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ, ಅದನ್ನೂ ಪುಡಿ ಮಾಡಿ ನೀರಲ್ಲಿ ಕಲಸಿ ಕೊಡಬೇಕು. ಟಾನಿಕ್ ಶುರುವಾಗಿ ಒಂದು ತಿಂಗಳಿಗೆ ಮಣ್ಣು ತಿನ್ನುವುದು ಬಹಳ ಕಡಿಮೆ ಆಯಿತು.

ಕಳೆ ತೆಗೆಯುವ ಹೆಂಗಸರ ಹಿಂದೆ ಕೂತುಕೊಂಡೇ ಸರಿಯುತ್ತ ತಾನೂ ಕೀಳುತ್ತಿದ್ದಳು. ಶೇಂಗಾ ಗಿಡ ಕಿತ್ತು, ಕಳೆ ಬಿಡುತ್ತಿದ್ದಳು. ಅರ್ಧ ಸಾಲು ಹೋದ ಮೇಲೆ ನನ್ನ ಕಣ್ಣಿಗೆ ಬಿತ್ತು.

ಹನ್ನೆರಡನೇ ದಿನ ನನ್ನ ಮೊಬೈಲು ಕಾಣೆಯಾಯಿತು. ಹುಡುಕಿ ಹುಡುಕಿ ಸಾಕಾಗಿ ಸಂಜೆ ಕರುವಿನ ಕಲಗಚ್ಚಿನ ಬಾನಿ ಬಗ್ಗಿಸಿದರೆ ತಳದಲ್ಲಿತ್ತು. ರಿಪೇರಿಯವನು ಬಿಚ್ಚಿ ನೋಡಿ "ಯಜಮಾನ್ರೆ, ಇದರೊಳಗೆ ಬೂಸಾ ಐತಲ್ರೀ" ಎಂದ. ಎಲ್ಲರಿಗೂ ಹೇಳಿ ನಕ್ಕಿದ್ದೇ ನಕ್ಕಿದ್ದು. ಆ ಮೊಬೈಲಿನ ಬೆಲೆ ಒಂದು ವಾರದ ನಂತರ ಗೊತ್ತಾಯಿತು.

ಹತ್ತೊಂಬತ್ತನೇ ದಿನ

ಕೈ ಸಾಲದೆ ಬದುವಿನ ಕಳೆ ಎದೆಯೆತ್ತರ ಆಗಿತ್ತು. ಪಕ್ಕದ ಹೊಲದವರು ತಮ್ಮಲ್ಲಿ ಉಳಿದಿದ್ದ ಕಳೆನಾಶಕ ಕೊಟ್ಟರು. ಕಾಲು ಲೀಟರ್ ಇರಬಹುದು. ಹಾಕಿಕೊಂಡು ಬರಲು ನಾನೇ ಒಂದು ತಂಪು ಪಾನೀಯದ ಖಾಲಿ ಬಾಟಲಿ ತೆಗೆದುಕೊಂಡು ಹೋಗಿದ್ದೆ. ತಂದು ಕೊಟ್ಟಿಗೆಯ ಬಾಗಿಲ ಮೂಲೆಯಲ್ಲಿಟ್ಟೆ. ಮೂವತ್ತು ವರ್ಷದಿಂದ ಇಡುತ್ತಿದ್ದ ಜಾಗ ಅದು.

ಹಸುವಿನ ಹಗ್ಗ ಬಿಚ್ಚಿ ತಿರುಗಿ ನೋಡುತ್ತೇನೆ, ಕೂಸು ಬಾಟಲಿಯನ್ನು ತೊಡೆ ಮೇಲಿಟ್ಟುಕೊಂಡು ಮುಚ್ಚಳ ಕಚ್ಚುತ್ತಿದೆ. ಮುಚ್ಚಳ ಅರ್ಧ ಸಡಿಲವಾಗಿ ಗದ್ದ, ಕೈ, ಅಂಗಿ ಒದ್ದೆಯಾಗಿತ್ತು. ಒಳಗೆ ಎಷ್ಟು ಹೋಗಿದೆಯೋ ದೇವರೇ ಬಲ್ಲ.

ನನ್ನ ಕಾಲು ನೆಲಕ್ಕೆ ಅಂಟಿಕೊಂಡವು. ಕೂಗಾಟಕ್ಕೆ ಜನ ಸೇರಿದರು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಎಂದರು ಒಬ್ಬರು, ಬಾಯಿಗೆ ಬೆರಳು ಹಾಕು ಎಂದರು ಇನ್ನೊಬ್ಬರು. ಮನೆಯವಳು ಪಟ್ಟಿ ಕಟ್ಟಿದ ಕೈ ಮೇಲೆತ್ತಿಕೊಂಡೇ ಬಂದು, ಎಡಗೈಯಲ್ಲಿ ಕೂಸನ್ನು ಕಿತ್ತುಕೊಂಡು, ಅಂಗಿ ಬಿಚ್ಚಿ, ಬಾಯಿ ಗದ್ದ ಕೈ ತೊಳೆದು, "ಏನೂ ಕುಡಿಸಬ್ಯಾಡ್ರಿ, ನಡೀರಿ ಆಸ್ಪತ್ರೆಗೆ" ಎಂದಳು.

ಆಟೋದಲ್ಲಿ ಹದಿನಾಲ್ಕು ಕಿಲೋಮೀಟರ್. ಡಾಕ್ಟರು ಮೊದಲು ಕೇಳಿದ್ದು "ಯಾವ ಔಷಧಿ?" ನಾನು ಬಾಟಲಿ ಮುಂದೆ ಹಿಡಿದೆ. ಅದರ ಮೇಲೆ ಇದ್ದದ್ದು ತಂಪು ಪಾನೀಯದ ಹೆಸರು. "ಕಳೆನಾಶಕದಲ್ಲಿ ಹತ್ತಾರು ಥರ ಇದಾವೆ. ಕೆಲವು ಒಂದು ಗುಟುಕು ಹೋದರೂ ಉಳಿಸೋದು ಕಷ್ಟ. ಹೆಸರು ಬೇಕು" ಎಂದರು. ಪಕ್ಕದ ಹೊಲದವರಿಗೆ ಫೋನ್ ಮಾಡೋಣವೆಂದರೆ ಮೊಬೈಲು ರಿಪೇರಿ ಅಂಗಡಿಯಲ್ಲಿ. ನಂಬರು ಬಾಯಿಪಾಠ ಇಲ್ಲ. ಆಟೋದವನ ಫೋನಿನಿಂದ ನಮ್ಮೂರ ಅಂಗಡಿಗೆ ಮಾಡಿಸಿ, ಅಂಗಡಿಯ ಹುಡುಗ ಸೈಕಲ್ ತುಳಿದು ಅವರ ಹೊಲಕ್ಕೆ ಹೋಗಿ, ಮೂಲ ಡಬ್ಬಿಯ ಮೇಲಿನ ಹೆಸರು ಓದಿ ಹೇಳುವಷ್ಟರಲ್ಲಿ ನಲವತ್ತು ನಿಮಿಷ. ನನ್ನ ಐವತ್ತಾರು ವರ್ಷದಲ್ಲಿ ಅಷ್ಟು ಉದ್ದದ ನಲವತ್ತು ನಿಮಿಷ ಕಂಡಿಲ್ಲ.

ಪುಣ್ಯಕ್ಕೆ ಅದು ಅಂಥ ಭಾರಿ ವಿಷದ್ದಲ್ಲ, ಒಳಗೂ ಹೋಗಿರಲಿಲ್ಲ. ಮರುದಿನ ಬೆಳಗಿನವರೆಗೆ ಇಟ್ಟುಕೊಂಡು ನೋಡಿ ಕಳಿಸಿದರು. ಡಾಕ್ಟರು ಎದೆ ಪರೀಕ್ಷೆ ಮಾಡಲು ಬಂದಾಗಲೆಲ್ಲ ಕೂಸು "ಬ್ಯಾಡ" ಎನ್ನುತ್ತಿತ್ತು. ಆ ಮಾತು ಕೇಳಿ ನಾನು ಅತ್ತುಬಿಟ್ಟೆ.

ಡಾಕ್ಟರು ಹೇಳಿದ ಮಾತು ಎಲ್ಲ ರೈತರಿಗೂ ಬೇಕಾದ್ದು. ಮನೆಯಲ್ಲಿ ವಾಂತಿ ಮಾಡಿಸಬಾರದು, ವಿಷ ಶ್ವಾಸಕೋಶಕ್ಕೆ ಹೋಗಬಹುದು. ಮೈಗೆ ತಾಗಿದ್ದನ್ನು ತೊಳೆದು, ಬಟ್ಟೆ ತೆಗೆದು, ಔಷಧಿಯ ಮೂಲ ಡಬ್ಬಿ ಸಮೇತ ಬೇಗ ಬರಬೇಕು. ಡಬ್ಬಿಯ ಮೇಲೆ ಬಣ್ಣದ ತ್ರಿಕೋನದ ಗುರುತು ಇರುತ್ತದೆ. ಕೆಂಪು ಎಲ್ಲಕ್ಕಿಂತ ಹೆಚ್ಚಿನ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಬೇರೆ ಬಾಟಲಿಗೆ ಬಗ್ಗಿಸಿದರೆ ಈ ಗುರುತೂ ಹೋಯಿತು, ಹೆಸರೂ ಹೋಯಿತು.

ಮೊಣಕಾಲೆತ್ತರದ ಮನೆ

ಮನೆಗೆ ಬಂದ ಮೇಲೆ ಮನೆಯವಳು ಒಂದೇ ಮಾತು ಹೇಳಿದಳು. "ಎತ್ತು ಮಲಗೋ ಜಾಗದಲ್ಲಿ ಮುಳ್ಳು ಐತಾ ಮೊಳೆ ಐತಾ ಅಂತ ದಿನಾ ನೋಡ್ತೀರಿ. ಕೂಸು ತಿರುಗಾಡೋ ಕಡೆ ಒಂದಿನ ನೋಡಿದೀರಾ?"

ಮಾರನೇ ದಿನ ನಾನು ಅಂಬೆಗಾಲಿಟ್ಟುಕೊಂಡು ಮನೆ, ಕೊಟ್ಟಿಗೆ, ಅಂಗಳ ಎಲ್ಲ ಸುತ್ತಿದೆ. ನೋಡಿದವರು ನಕ್ಕರು, ನಗಲಿ. ಕೂಸಿನ ಕಣ್ಣಿನೆತ್ತರಕ್ಕೆ ಕೂತಾಗ ಮನೆ ಬೇರೆಯೇ ಕಾಣುತ್ತದೆ. ಗೋಡೆ ಸಂದಿಯ ಕುಡುಗೋಲು ಸರಿಯಾಗಿ ಅವಳ ಕೈಗೆ ಸಿಗುವಂತಿತ್ತು. ಔಷಧಿ ಸವರಿ ಉಳಿದ ಶೇಂಗಾ ಬೀಜ ಮಂಚದ ಕೆಳಗಿತ್ತು. ಬಣ್ಣ ಬಂದ ಬೀಜ ಮಕ್ಕಳ ಕಣ್ಣಿಗೆ ಮಿಠಾಯಿ. ಟಾರ್ಚಿನ ಹಳೇ ಶೆಲ್ಲು, ತುಂಬಿದ ನೀರಿನ ಬಕೆಟ್ಟು. ಈ ವಯಸ್ಸಿನ ಮಕ್ಕಳಿಗೆ ತಲೆ ಭಾರ, ಬಕೆಟ್ಟಿಗೆ ಬಗ್ಗಿ ಮುಗ್ಗರಿಸಿದರೆ ಗೇಣುದ್ದ ನೀರಲ್ಲೂ ಜೀವ ಹೋಗುತ್ತದೆ.

ನಾನು ಮಾಡಿದ ಬದಲಾವಣೆ ಇಷ್ಟು:

ಔಷಧಿಗಳಿಗೆ ಬೀಗ ಹಾಕುವ ಹಳೇ ಟ್ರಂಕು, ಅದೂ ಅಟ್ಟದ ಮೇಲೆ. ಯಾವುದನ್ನೂ ಮೂಲ ಡಬ್ಬಿಯಿಂದ ಬೇರೆಯದಕ್ಕೆ ಬಗ್ಗಿಸುವುದಿಲ್ಲ, ಸಾಲ ತರುವುದೂ ಇಲ್ಲ, ಕೊಡುವುದೂ ಇಲ್ಲ.

ಕುಡುಗೋಲು, ಕೊಡಲಿ, ಕುಂಟೆಯ ತಾಳು ತಲೆಗಿಂತ ಎತ್ತರದ ಗೂಟಕ್ಕೆ. ಬಕೆಟ್ಟು ಬಳಸಿದ ಮೇಲೆ ಬೋರಲು.

ಇಡೀ ಶೇಂಗಾ ಕಾಳು ಕೂಸಿನ ಕೈಗೆ ಇಲ್ಲ. ನಾವು ಶೇಂಗಾ ಸೀಮೆಯವರು, ಅಂಗಳದ ತುಂಬ ಅದೇ. ಆದರೆ ಕಾಳು ಶ್ವಾಸನಾಳಕ್ಕೆ ಸಿಕ್ಕಿದರೆ ಉಸಿರು ಕಟ್ಟುತ್ತದೆ. ಪುಡಿ ಮಾಡಿ ಅನ್ನಕ್ಕೆ ಕಲಸಿ ಕೊಡುತ್ತೇವೆ.

ಪಕ್ಕದ ಹೊಲದ ಕೃಷಿಹೊಂಡಕ್ಕೆ ಇಬ್ಬರೂ ಸೇರಿ ಜಾಲಿಮುಳ್ಳಿನ ಬೇಲಿ ಕಟ್ಟಿದೆವು. ಒಳಗೆ ಹಾಸಿದ ಪ್ಲಾಸ್ಟಿಕ್ಕು ಪಾಚಿ ಕಟ್ಟಿ ಜಾರುತ್ತದೆ, ಬಿದ್ದರೆ ದೊಡ್ಡವರಿಗೂ ಹತ್ತಿ ಬರಲು ಆಗದು. ಅದಕ್ಕೆ ಗಂಟು ಹಾಕಿದ ದಪ್ಪ ಹಗ್ಗ ಎರಡು ಕಡೆ ಇಳಿಬಿಟ್ಟಿದ್ದೇವೆ.

ನೀರು ಬರದೆ ಬಿಟ್ಟ ನಮ್ಮ ಕೊಳವೆಬಾವಿಯ ಮೇಲೆ ಬರೀ ಚಪ್ಪಡಿ ಇತ್ತು. ಈಗ ಮಣ್ಣು ತುಂಬಿ ಮುಚ್ಚಿದ್ದೇನೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷ ತುಂಬದ ಮಗುವನ್ನು ಸುಮಾರು 20 ಗಂಟೆ ಕೆಲಸ ಮಾಡಿ ಜೀವಂತ ಮೇಲೆತ್ತಿದರು. ಎಲ್ಲ ಮಕ್ಕಳಿಗೂ ಆ ಭಾಗ್ಯ ಇರುವುದಿಲ್ಲ.

ಮಗನಿಗೂ ಸೊಸೆಗೂ ಎಲ್ಲ ಹೇಳಿದೆ. ಮುಚ್ಚಿಡಲು ಮನಸ್ಸು ಬರಲಿಲ್ಲ. ಸೊಸೆ ಬಹಳ ಹೊತ್ತು ಸುಮ್ಮನಿದ್ದು, "ಮಾವ, ನೀವು ಊಟ ಮಾಡಿದ್ರಾ?" ಎಂದು ಕೇಳಿದಳು. ಬೈದಿದ್ದರೆ ವಾಸಿಯಿತ್ತು.

ಲೆಕ್ಕ

ನಾನು ಪ್ರತಿ ಬೆಳೆಗೂ ಖರ್ಚು ಬರೆದಿಡುತ್ತೇನೆ. ಹಿಂದಿನ ವರ್ಷ ಶೇಂಗಾ ಕಳೆಗೆ ಹಿಡಿದ ಕೂಲಿ ಆಳು 14. ಈ ವರ್ಷ 32. ಹೆಚ್ಚಿಗೆ 18 ಆಳು, ಆಳಿಗೆ 300ರಂತೆ 5,400 ರೂಪಾಯಿ. ಮನೆಯವಳ ಕೈ ಮುರಿದದ್ದಕ್ಕೆ ಇಷ್ಟು ಅಂದುಕೊಂಡೆ. ಆಮೇಲೆ ಹೊಳೆಯಿತು, ಇದು ಬರೀ ಅವಳು ಕಿತ್ತ ಕಳೆಯ ಲೆಕ್ಕ. ಅವಳು ಅದನ್ನು ಕೀಳುವಾಗ ಕೂಸು ಅವಳ ಸೊಂಟದಲ್ಲಿತ್ತು, ಇಲ್ಲವೇ ಕಣ್ಣ ಮುಂದಿತ್ತು. ನಾನು 45 ದಿನ ಕೂಸು ನೋಡಿಕೊಂಡಾಗ ಹೊಲದಲ್ಲಿ ಮಾಡಿದ್ದು ಅರ್ಧ ಆಳಿನ ಕೆಲಸವೂ ಅಲ್ಲ. ಕೂಸನ್ನೂ ಸರಿಯಾಗಿ ನೋಡಲಿಲ್ಲ. ಅವಳು ಎರಡನ್ನೂ ಮಾಡುತ್ತಿದ್ದಳು, ನಾನು ಒಂದಕ್ಕೂ ಲೆಕ್ಕ ಬರೆದಿರಲಿಲ್ಲ.

2023-24ರ ರಾಜ್ಯ ಬಜೆಟ್ಟಿನಲ್ಲಿ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯುತ್ತೇವೆಂದು ಹೇಳಿದ್ದರು. ನಿಮ್ಮ ಪಂಚಾಯ್ತಿಯಲ್ಲಿ ಇದ್ದರೆ ಹೋಗಿ ನೋಡಿ, ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ಹಳ್ಳಿಯಲ್ಲಿ ಈಗ ತಾತ ಅಜ್ಜಿಯರೇ ಕೂಸು ಕಾಯುವವರು. ಇದು ನಮ್ಮ ಮನೆಯದೊಂದೇ ಪಾಡಲ್ಲ.

ಮನೆಯವಳ ಕೈ ಈಗ ಸರಿಯಾಗಿದೆ. ಆದರೂ ಮಧ್ಯಾಹ್ನದ ಮೂರು ತಾಸು ಕೂಸು ನನ್ನದೇ. ಖರ್ಚಿನ ಪುಸ್ತಕದಲ್ಲಿ 'ಕೂಸು' ಅಂತ ಒಂದು ಕಲಮು ಹಾಕಿದ್ದೇನೆ. ಅದರಲ್ಲಿ ಅವಳ ದಿನ, ನನ್ನ ದಿನ ಎರಡನ್ನೂ ಬರೆಯುತ್ತೇನೆ. ಅವಳ ಕಡೆಯೇ ಇನ್ನೂ ಉದ್ದ.

ನಿಮ್ಮ ಮನೆಯಲ್ಲಿ ಕೂಸು ಕಾಯುತ್ತ ಹೊಲ ಮಾಡುವ ಉಪಾಯಗಳಿದ್ದರೆ ಪತ್ರಿಕೆಗೆ ಬರೆಯಿರಿ, ನನಗೂ ಬೇಕಾಗಿವೆ. ಈ ಲೇಖನ ತಡವಾಗಿದ್ದಕ್ಕೆ ಸಂಪಾದಕರು ಕ್ಷಮಿಸಬೇಕು. ಮೊದಲು ಬರೆದ ಹಾಳೆಗಳನ್ನು ಮೊಮ್ಮಗಳು ಕರುವಿಗೆ ತಿನ್ನಿಸಿದಳು.